ಬಂಗುಡೆ ತಿಂದು ಸಸ್ಯಾಹಾರದ ಪರ ಮಾತಾಡುವವರಿಗೆ

1981ರಲ್ಲಿ ಕುಂದಾಪುರದಲ್ಲಿ ಪಿಯುಸಿ ಓದುತ್ತಿದ್ದಾಗ ಚರ್ಚಾಸ್ಪರ್ಧೆಯೊಂದಕ್ಕೆ ಹೆಸರು ಕೊಟ್ಟಿದ್ದೆ. ವಿಷಯ, ‘ಈ ಸಭೆಯ ಅಭಿಪ್ರಾಯದಲ್ಲಿ ಸಸ್ಯಾಹಾರವೇ ಆರೋಗ್ಯಕ್ಕೆ ಶ್ರೇಷ್ಠ’. ಚೀಟಿ ಎತ್ತಿದರೆ ‘ಪರ’ ಬಂತು. ಬೆಳಿಗ್ಗೆ ಗಂಜಿಗೆ ಹಿಂದಿನ ದಿನದ ಬಂಗುಡೆ ಸಾರು ನೆಂಚಿಕೊಂಡು ಹೊರಟವಳು ನಾನು. ವೇದಿಕೆ ಹತ್ತಿ, ಮನುಷ್ಯನ ಹಲ್ಲು ಹಸುವಿನ ಹಲ್ಲಿನ ಹಾಗಿದೆ, ಕರುಳು ಉದ್ದವಿದೆ, ಸೊಪ್ಪು ತಿನ್ನುವ ಆನೆಗಿಂತ ಬಲಶಾಲಿ ಯಾರಿದ್ದಾರೆ ಎಂದು ಕೈ ಬೀಸಿ ಕೇಳಿದೆ. ಎದುರಿನ ಹುಡುಗ ಹುಲಿಯನ್ನು ತಂದ. ಆನೆ ಗೆದ್ದಿತು. ಬಹುಮಾನವಾಗಿ ಬಂದ ಸ್ಟೀಲ್ ಪಾತ್ರೆಯಲ್ಲಿ ಅಮ್ಮ ಬಹಳ ವರ್ಷ ಮೀನಿನ ಸಾರನ್ನೇ ಕುದಿಸಿದಳು.

ಆಮೇಲೆ ಆಹಾರ ಮತ್ತು ಪೋಷಣೆಯನ್ನೇ ಓದಿ, ದಾವಣಗೆರೆಗೆ ಸೊಸೆಯಾಗಿ ಬಂದು, ಇಲ್ಲಿನ ಕಾಲೇಜೊಂದರಲ್ಲಿ ಇಪ್ಪತ್ತೆಂಟು ವರ್ಷ ಅದನ್ನೇ ಪಾಠ ಮಾಡಿದೆ. ಗಂಡನ ಮನೆಯವರು ಮೊಟ್ಟೆಯನ್ನೂ ಹೊಸ್ತಿಲು ದಾಟಲು ಬಿಡದವರು. ಈ ವಿಷಯ ಎಲ್ಲಿಟ್ಟರೂ ನಿರ್ಣಾಯಕಿಯಾಗಿ ನನ್ನನ್ನು ಕರೆಯುತ್ತಾರೆ, ನಿವೃತ್ತಿಯ ನಂತರವೂ. ಆನೆ, ಹುಲಿ ಇನ್ನೂ ಬರುತ್ತಲೇ ಇವೆ. ಅವೆರಡನ್ನೂ ಕಾಡಿಗೆ ಅಟ್ಟಿ, ಮನುಷ್ಯರ ಊಟದ ಬಗ್ಗೆ ವಾದ ಮಾಡುವುದು ಹೇಗೆಂದು ಇಲ್ಲಿ ಬರೆದಿದ್ದೇನೆ. ಯಾವ ಚೀಟಿ ಬಂದರೂ ಉಪಯೋಗಕ್ಕೆ ಬಂದೀತು.

ಮೊದಲು ವಿಷಯವನ್ನು ಬಿಡಿಸಿ

ಜಗಳವೆಲ್ಲ ಇರುವುದು ‘ಸಸ್ಯಾಹಾರವೇ’ ಎಂಬುದರ ಬಾಲದಲ್ಲಿರುವ ಆ ‘ವೇ’ಯಲ್ಲಿ. ಸಸ್ಯಾಹಾರ ಒಳ್ಳೆಯದು ಎಂದು ತೋರಿಸಿದರೆ ಸಾಲದು, ಬೇರೆ ಯಾವುದೂ ಅಷ್ಟು ಒಳ್ಳೆಯದಲ್ಲ ಎಂದು ತೋರಿಸಬೇಕು. ಪರ ತಂಡದವರು ಹೆಚ್ಚಾಗಿ ಮೊದಲನೆಯದನ್ನಷ್ಟೇ ಮಾಡಿ ಕೆಳಗಿಳಿಯುತ್ತಾರೆ. ವಿರೋಧದವರಿಗೆ ಇದು ಗೊತ್ತಿದ್ದರೆ ಅರ್ಧ ಕೆಲಸ ಮುಗಿಯಿತು: ಮಾಂಸ ಶ್ರೇಷ್ಠ ಎಂದು ಕೂಗುವ ಅಗತ್ಯವೇ ಇಲ್ಲ, ಮಾಂಸ ಇರುವ ಊಟವೂ ಅಷ್ಟೇ ಆರೋಗ್ಯಕರವಾಗಿರಬಲ್ಲದು ಎಂದರೆ ಸಾಕು.

ಆಮೇಲೆ ಹೆಸರುಗಳನ್ನು ಹೊಂದಿಸಿಕೊಳ್ಳಿ. ನಮ್ಮಲ್ಲಿ ಸಸ್ಯಾಹಾರ ಎಂದರೆ ಹಾಲು, ಮೊಸರು, ತುಪ್ಪ ಸೇರಿಯೇ. ವಿದೇಶದ ಅಧ್ಯಯನಗಳ ‘ವೆಜಿಟೇರಿಯನ್’ ಗುಂಪಿನಲ್ಲಿ ಮೊಟ್ಟೆ ತಿನ್ನುವವರೂ ಇರುತ್ತಾರೆ. ಹಾಲನ್ನೂ ಬಿಟ್ಟವರು ‘ವೀಗನ್’. ಮಾಂಸಾಹಾರದ ಕಡೆಯೂ ಇದೇ ಪಾಡು. ನಮ್ಮ ಬೀದಿಯ ‘ಮಾಂಸಾಹಾರಿ’ ಭಾನುವಾರಕ್ಕೊಮ್ಮೆ, ಹಬ್ಬದ ಮರುದಿನ ಕರಿಗೊಮ್ಮೆ ನಾಲ್ಕು ತುಂಡು ಕಾಣುವವನು. ಉಳಿದ ಆರು ದಿನ ಅವನ ತಟ್ಟೆಗೂ ನನ್ನ ಅತ್ತೆಯ ತಟ್ಟೆಗೂ ವ್ಯತ್ಯಾಸ ಕಡಿಮೆ. ಬೆಳಿಗ್ಗೆ ಬೇಕನ್, ರಾತ್ರಿ ದನದ ಮಾಂಸದ ದೊಡ್ಡ ತುಂಡು ತಿನ್ನುವ ಅಮೆರಿಕನ್ನನ ಮೇಲೆ ಬಂದ ತೀರ್ಪನ್ನು ಇವನ ತಲೆಗೆ ಕಟ್ಟಿದರೆ ನಾನು ಅಂಕ ಕಳೆಯುತ್ತೇನೆ. ಮೊದಲ ನಿಮಿಷದಲ್ಲೇ ‘ನಾನು ಹೇಳುತ್ತಿರುವುದು ಹಾಲು ಸೇರಿದ ಸಸ್ಯಾಹಾರದ ಬಗ್ಗೆ’ ಎಂದುಬಿಡಿ. ಆಮೇಲೆ ಯಾರೂ ಕಾಲೆಳೆಯಲಾರರು.

ಹಲ್ಲು, ಕರುಳಿನ ವಾದ ಯಾವ ಕಡೆಯಿಂದಲೂ ಬೇಡ. ಆನೆ ದಿನಕ್ಕೆ ಒಂದೂವರೆ ಕ್ವಿಂಟಲ್ ಮೇವು ತಿನ್ನುತ್ತದೆ, ಅದಕ್ಕೆ ತಕ್ಕ ಹೊಟ್ಟೆ ಅದಕ್ಕಿದೆ. ನಮಗೆ ಒಲೆ ಇದೆ.

ಯಾವುದರ ಬದಲು ಏನು

ಇದೊಂದನ್ನು ಕಲಿತರೆ ಉಳಿದದ್ದು ತಾನೇ ಬರುತ್ತದೆ ಎಂದು ಕಾಲೇಜಿನ ನನ್ನ ಹುಡುಗಿಯರಿಗೆ ಹೇಳುತ್ತಿದ್ದೆ. ಯಾರಾದರೂ ‘ಮಾಂಸ ಬಿಟ್ಟರೆ ಆರೋಗ್ಯ’ ಎಂದ ಕೂಡಲೇ ಕೇಳಿ: ಬಿಟ್ಟ ಜಾಗಕ್ಕೆ ಏನು ಬಂತು? ತಟ್ಟೆ ಖಾಲಿ ಇರುವುದಿಲ್ಲ. ಕೋಳಿ ಹೋಗಿ ಹುರುಳಿಕಾಳು ಬಂದರೆ ಒಂದು ಕಥೆ, ಕೋಳಿ ಹೋಗಿ ಇನ್ನೊಂದು ಸೌಟು ಬಿಳಿ ಅನ್ನ ಬಂದರೆ ಬೇರೆಯೇ ಕಥೆ.

ನಮ್ಮೂರಿನ ಬೆಣ್ಣೆ ದೋಸೆ, ಮಂಡಕ್ಕಿ ಮಿರ್ಚಿ, ಬೇಕರಿಯ ಪಫ್, ಮೂರು ಚಮಚ ಸಕ್ಕರೆಯ ಚಾ, ಎಲ್ಲವೂ ಅಪ್ಪಟ ಸಸ್ಯಾಹಾರ. (ಬೆಣ್ಣೆ ದೋಸೆಯ ಮೇಲೆ ನನಗೆ ದ್ವೇಷವಿಲ್ಲ. ತಿಂಗಳಿಗೊಮ್ಮೆ ಹೋಗುತ್ತೇನೆ, ಎರಡು ತಿನ್ನುತ್ತೇನೆ.) 2017ರಲ್ಲಿ ಹಾರ್ವರ್ಡ್‌ನ ಅಂಬಿಕಾ ಸತೀಜಾ ಮತ್ತು ಜೊತೆಯವರು ಅಮೆರಿಕದ ಎರಡು ಲಕ್ಷಕ್ಕೂ ಹೆಚ್ಚು ದಾದಿಯರು, ವೈದ್ಯರು ಮುಂತಾದವರ ಊಟದ ವಿವರವನ್ನು ಇದೇ ಪ್ರಶ್ನೆಯಿಟ್ಟು ವಿಂಗಡಿಸಿದರು. ಇಡಿಧಾನ್ಯ, ಕಾಳು, ತರಕಾರಿ, ಹಣ್ಣು, ಬೀಜಗಳ ಮೇಲೆ ನಿಂತ ಸಸ್ಯಾಹಾರವನ್ನು ಹೆಚ್ಚು ಅನುಸರಿಸಿದವರಿಗೆ, ತೀರ ಕಡಿಮೆ ಅನುಸರಿಸಿದವರಿಗಿಂತ ಹೃದಯದ ರಕ್ತನಾಳದ ಕಾಯಿಲೆ ಸುಮಾರು ಶೇ. 25ರಷ್ಟು ಕಡಿಮೆ. ನಯಗೊಳಿಸಿದ ಧಾನ್ಯ, ಸಕ್ಕರೆ ಪಾನೀಯ, ಸಿಹಿತಿಂಡಿಯ ಸಸ್ಯಾಹಾರ ಹೆಚ್ಚಾದವರಿಗೆ ಸುಮಾರು ಶೇ. 32ರಷ್ಟು ಹೆಚ್ಚು. ಪರ ತಂಡದವರು ಮೊದಲ ಸಂಖ್ಯೆ ಹೇಳುತ್ತಾರೆ. ಎರಡನೆಯದು ವಿರೋಧದವರ ಬತ್ತಳಿಕೆಯಲ್ಲಿರಲಿ.

ನಮ್ಮ ದೇಶದ ಲೆಕ್ಕವೂ ಇದಕ್ಕೆ ಹೊಂದುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ‘ಇಂಡಿಯಾಬ್’ ಎಂಬ ಮಧುಮೇಹ ಸಮೀಕ್ಷೆಯ 2025ರ ವರದಿಯಂತೆ ಭಾರತೀಯರ ಊಟದ ಶಕ್ತಿಯಲ್ಲಿ ಸುಮಾರು ಶೇ. 62 ಕಾರ್ಬೋಹೈಡ್ರೇಟ್‌ನಿಂದಲೇ, ಅದೂ ಹೆಚ್ಚಾಗಿ ಬಿಳಿ ಅಕ್ಕಿ, ಬೀಸಿದ ಗೋಧಿ, ಸಕ್ಕರೆಯಿಂದ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರ ಮಾರ್ಗಸೂಚಿಯಲ್ಲಿ ಧಾನ್ಯದ ಪಾಲು ಶೇ. 45 ದಾಟದಿರಲಿ ಎಂದಿದೆ. ಸಸ್ಯಾಹಾರಿಯ ಮನೆಯಲ್ಲೂ ಮಾಂಸಾಹಾರಿಯ ಮನೆಯಲ್ಲೂ ಅನ್ನದ ಗುಡ್ಡೆ ಒಂದೇ ಎತ್ತರ. ಇದನ್ನು ಯಾವ ತಂಡ ಮೊದಲು ಹೇಳುತ್ತದೋ ಅದರ ಕಡೆ ನನ್ನ ಪೆನ್ನು ವಾಲುತ್ತದೆ.

ಶೇಕಡಾ ಎಂದರೆ ಎಷ್ಟು ಜನ

ಚರ್ಚೆಯಲ್ಲಿ ಸಂಖ್ಯೆ ಎಸೆದರೆ ಸಭೆ ಬೆಚ್ಚುತ್ತದೆ. ಎದುರಾಳಿ ಬೆಚ್ಚಬಾರದು. ಎರಡು ಉದಾಹರಣೆ ಕೊಡುತ್ತೇನೆ, ಎರಡೂ ಪ್ರತಿ ಸ್ಪರ್ಧೆಯಲ್ಲಿ ಬರುವಂಥವು.

‘ಮಾಂಸ ಸಿಗರೇಟಿನಷ್ಟೇ ಅಪಾಯ, ವಿಶ್ವ ಆರೋಗ್ಯ ಸಂಸ್ಥೆಯೇ ಹೇಳಿದೆ.’ ಆ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 2015ರ ಅಕ್ಟೋಬರ್‌ನಲ್ಲಿ ಹೇಳಿದ್ದು ಬೇರೆ. ಹತ್ತು ದೇಶಗಳ 22 ತಜ್ಞರು ಕೂತು ಸಂಸ್ಕರಿಸಿದ ಮಾಂಸವನ್ನು, ಅಂದರೆ ಸಾಸೇಜ್, ಬೇಕನ್, ಹ್ಯಾಮ್‌ನಂಥದ್ದನ್ನು, ಕ್ಯಾನ್ಸರ್ ತರುತ್ತದೆ ಎಂದು ಖಚಿತವಾದವುಗಳ ಒಂದನೇ ಗುಂಪಿಗೆ ಹಾಕಿದರು. ತಂಬಾಕೂ ಅದೇ ಗುಂಪಿನಲ್ಲಿದೆ, ನಿಜ. ಆದರೆ ಆ ಗುಂಪುಗಳು ಪುರಾವೆ ಎಷ್ಟು ಗಟ್ಟಿ ಎಂಬುದನ್ನು ಹೇಳುತ್ತವೆ, ಅಪಾಯ ಎಷ್ಟು ದೊಡ್ಡದು ಎಂಬುದನ್ನಲ್ಲ. ಕುರಿ, ದನ, ಹಂದಿಯ ತಾಜಾ ಮಾಂಸ ‘ಬಹುಶಃ ತರುತ್ತದೆ’ ಎಂಬ 2ಎ ಗುಂಪಿನಲ್ಲಿದೆ. ಕೋಳಿ, ಮೀನು ಆ ತೀರ್ಪಿನಲ್ಲಿ ಬರಲೇ ಇಲ್ಲ. ದಿನಾ 50 ಗ್ರಾಂ ಸಂಸ್ಕರಿಸಿದ ಮಾಂಸ ತಿಂದರೆ ದೊಡ್ಡ ಕರುಳಿನ ಕ್ಯಾನ್ಸರ್ ಸಾಧ್ಯತೆ ಶೇ. 18ರಷ್ಟು ಏರುತ್ತದೆ ಎಂದರು. ನೂರರಲ್ಲಿ ಐವರಿಗೆ ಬರುವ ಊರಿನಲ್ಲಿ ಎಲ್ಲರೂ ಹಾಗೆ ತಿಂದರೆ ಆರು ಜನರಿಗೆ ಬಂದೀತು, ಇಪ್ಪತ್ತಮೂರು ಜನರಿಗಲ್ಲ. ಇದು ಸಣ್ಣದು ಎಂದೂ ನಾನು ಹೇಳುವುದಿಲ್ಲ. ಆ ಆರನೆಯವನ ಮನೆಯಲ್ಲಿ ಅದು ಸಣ್ಣದಲ್ಲ. ಲೆಕ್ಕ ಮಾತ್ರ ಸರಿಯಾಗಿರಲಿ.

ಎರಡನೆಯದು ಇಂಗ್ಲೆಂಡಿನ ಎಪಿಕ್-ಆಕ್ಸ್‌ಫರ್ಡ್ ಅಧ್ಯಯನ. ಸುಮಾರು 48 ಸಾವಿರ ಜನರನ್ನು 18 ವರ್ಷ ಹಿಂಬಾಲಿಸಿ 2019ರಲ್ಲಿ ಫಲಿತಾಂಶ ಪ್ರಕಟಿಸಿದರು. ಮಾಂಸ ತಿನ್ನುವವರಿಗಿಂತ ಸಸ್ಯಾಹಾರಿಗಳಿಗೆ ಹೃದ್ರೋಗ ಶೇ. 22 ಕಡಿಮೆ. ಪರ ತಂಡ ಇಲ್ಲಿಗೆ ನಿಲ್ಲಿಸುತ್ತದೆ. ಅದೇ ಹಾಳೆಯಲ್ಲಿ ಪಾರ್ಶ್ವವಾಯು ಶೇ. 20 ಹೆಚ್ಚು ಎಂದೂ ಇದೆ. ವಿರೋಧ ತಂಡ ಅಲ್ಲಿಂದಲೇ ಶುರು ಮಾಡುತ್ತದೆ. ಜನರ ಲೆಕ್ಕಕ್ಕೆ ಇಳಿಸಿದರೆ, ಹತ್ತು ವರ್ಷದಲ್ಲಿ ಸಾವಿರ ಸಸ್ಯಾಹಾರಿಗಳಲ್ಲಿ ಹೃದ್ರೋಗಿಗಳು ಹತ್ತು ಮಂದಿ ಕಡಿಮೆ, ಪಾರ್ಶ್ವವಾಯು ಆದವರು ಮೂರು ಮಂದಿ ಹೆಚ್ಚು. ಎರಡನ್ನೂ ನೀವೇ ಹೇಳಿಬಿಟ್ಟರೆ ಎದುರಾಳಿಯ ಕೈಯಲ್ಲಿ ಏನೂ ಉಳಿಯುವುದಿಲ್ಲ. ಒಂದು ಸಲ ಒಬ್ಬ ಹುಡುಗಿ ಪರ ತಂಡದಲ್ಲಿದ್ದೂ ಹೀಗೇ ಮಾಡಿದಳು. ವಿರೋಧದ ಹುಡುಗ ತನ್ನ ಕಾಗದ ನೋಡಿಕೊಂಡು ಅರ್ಧ ನಿಮಿಷ ಸುಮ್ಮನೆ ನಿಂತ, ಪಾಪ.

ಇಂಥ ಅಧ್ಯಯನಗಳ ಬಗ್ಗೆ ಇನ್ನೊಂದು ಮಾತು. ಮಾಂಸ ಬಿಟ್ಟವರು ಎಷ್ಟೋ ಸಲ ಸಿಗರೇಟನ್ನೂ ಬಿಟ್ಟಿರುತ್ತಾರೆ, ನಡೆದಾಡುತ್ತಾರೆ. ಲಾಭ ಯಾವುದರದು? ಅದಕ್ಕೇ ಅಮೆರಿಕದ ಅಡ್ವೆಂಟಿಸ್ಟ್ ಪಂಥದವರ ಅಧ್ಯಯನಕ್ಕೆ ಬೆಲೆ. ಅವರಲ್ಲಿ ಮಾಂಸ ತಿನ್ನುವವರೂ ಬಹುಮಟ್ಟಿಗೆ ಸಿಗರೇಟು, ಮದ್ಯ ಮುಟ್ಟದವರು. 2013ರಲ್ಲಿ 73 ಸಾವಿರ ಜನರ ಲೆಕ್ಕ ಬಂದಾಗ ಸಸ್ಯಾಹಾರಿಗಳ ಸಾವಿನ ಪ್ರಮಾಣ ಶೇ. 12 ಕಡಿಮೆ ಇತ್ತು. ಪರ ತಂಡಕ್ಕೆ ಒಳ್ಳೆಯ ಆಧಾರ. ಆದರೆ ಅಲ್ಲಿ ಮೀನು ತಿನ್ನುವವರನ್ನೂ ಸಸ್ಯಾಹಾರಿ ಗುಂಪಿಗೇ ಸೇರಿಸಿದ್ದರು, ಮತ್ತು ಅವರ ಫಲಿತಾಂಶ ಆ ಸರಾಸರಿಗಿಂತಲೂ ಚೆನ್ನಾಗಿತ್ತು. ಕುಂದಾಪುರದವಳಾಗಿ ಇದನ್ನು ಹೇಳದೆ ಇರಲಾರೆ.

ಬೇಳೆಯ ಲೆಕ್ಕ

‘ಬೇಳೆಯಲ್ಲಿ ಮಾಂಸಕ್ಕಿಂತ ಹೆಚ್ಚು ಪ್ರೋಟೀನ್ ಇದೆ.’ ತೊಗರಿಬೇಳೆಯಲ್ಲಿ ನೂರು ಗ್ರಾಂಗೆ ಸುಮಾರು 22 ಗ್ರಾಂ, ಹಸಿ ಕೋಳಿಮಾಂಸದಲ್ಲಿ 20ರ ಆಸುಪಾಸು. ಸುಳ್ಳಲ್ಲ. ಆದರೆ ಒಣಬೇಳೆಯನ್ನು ಯಾರೂ ಮುಕ್ಕುವುದಿಲ್ಲ. ಐದು ಜನರ ಮನೆಯಲ್ಲಿ ಹೊತ್ತಿಗೆ ಎಷ್ಟು ಬೇಳೆ ಹಾಕುತ್ತೀರಿ ಎಂದು ಅಡುಗೆ ಮಾಡುವವರನ್ನು ಕೇಳಿ. ನಮ್ಮಲ್ಲಿ ದೊಡ್ಡ ಲೋಟದಲ್ಲಿ ಒಂದು, 150 ಗ್ರಾಂ. ತಲೆಗೆ 30 ಗ್ರಾಂ ಬೇಳೆ, ಆರೂವರೆ ಗ್ರಾಂ ಪ್ರೋಟೀನ್. ಒಂದು ಕೋಳಿಮೊಟ್ಟೆಯಷ್ಟು. ನೆಂಟರು ಬಂದ ದಿನ ನೀರು ಬೆರೆಸಿದರೆ ಇನ್ನೂ ಕಡಿಮೆ.

ಹಾಗಂತ ವಿರೋಧ ತಂಡ ‘ಸಸ್ಯಾಹಾರಿಗೆ ಪ್ರೋಟೀನ್ ಸಿಗುವುದೇ ಇಲ್ಲ’ ಎಂದರೆ ಅದೂ ಸುಳ್ಳು. ದೇಹದ ತೂಕದ ಕಿಲೋಗೆ ದಿನಕ್ಕೆ 0.83 ಗ್ರಾಂ ಬೇಕು ಎನ್ನುತ್ತದೆ ಐಸಿಎಂಆರ್. ನನ್ನ ಅತ್ತೆಯವರ ತೂಕ 52 ಕಿಲೋ, ಅಂದರೆ 43 ಗ್ರಾಂ. ಅವರ ತಟ್ಟೆಯನ್ನು ಒಂದು ದಿನ ಕದ್ದು ತೂಗಿದ್ದೆ. ಜೋಳದ ರೊಟ್ಟಿಗಳಿಗೆ 200 ಗ್ರಾಂ ಹಿಟ್ಟು, ಅದರಿಂದ 20 ಗ್ರಾಂ. ಮಡಕಿಕಾಳು, ಬೇಳೆ ಸೇರಿ 50 ಗ್ರಾಂ, ಅದರಿಂದ 11. ಹಾಲು ಮೊಸರು 300 ಎಂಎಲ್, 10 ಗ್ರಾಂ. ಶೇಂಗಾ ಚಟ್ನಿಪುಡಿಯಿಂದ 5. ಒಟ್ಟು 46. ಗೆದ್ದರು. ಹಾಲು ಮೊಸರು ತೆಗೆದರೆ 36, ಸೋತರು. ಈ ಒಂದು ಲೆಕ್ಕವನ್ನು ವೇದಿಕೆಯ ಮೇಲೆ ಹೇಳಿದರೆ ಹತ್ತು ಶ್ಲೋಕಕ್ಕಿಂತ ಮೇಲು.

ಚುರುಕಾದ ವಿರೋಧಿ ಇಲ್ಲಿ ಇನ್ನೊಂದು ಕೊಕ್ಕೆ ಹಾಕಬಹುದು. ತಿಂದದ್ದೆಲ್ಲ ಮೈಗೆ ಹತ್ತುವುದಿಲ್ಲ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಅನುರಾ ಕುರ್ಪಾಡ್ ಅವರ ತಂಡ ಇದನ್ನು ಮನುಷ್ಯರಲ್ಲೇ ಅಳೆದು ನೋಡಿದೆ. ಬೇಯಿಸಿದ ಮೊಟ್ಟೆಯ ಪ್ರೋಟೀನ್ ನೂರಕ್ಕೆ ಸುಮಾರು 89 ಪಾಲು ಜೀರ್ಣವಾದರೆ, ಇಡಿ ಹೆಸರುಕಾಳಿನದು 63ರ ಸುಮಾರು. ಸಿಪ್ಪೆ ತೆಗೆದರೆ 71ಕ್ಕೆ ಏರಿತು. ಪರ ತಂಡದ ಉತ್ತರ: ಹಾಗಾದರೆ ಕಾಳಿನ ಪಾಲು ಹೆಚ್ಚಿಸೋಣ, ಅನ್ನದ್ದು ಇಳಿಸೋಣ. ಜೋಳದಲ್ಲಿ ಕೊರತೆಯಿರುವ ಲೈಸಿನ್ (ಪ್ರೋಟೀನಿನ ಒಂದು ಬಿಡಿಭಾಗ) ಕಾಳಿನಲ್ಲಿದೆ, ರೊಟ್ಟಿಗೆ ಕಾಳುಪಲ್ಯ ಜೋಡಿಯಾದದ್ದು ನಾಲಿಗೆಗಷ್ಟೇ ಅಲ್ಲ.

ಒಪ್ಪಿಕೊಳ್ಳಲೇಬೇಕಾದದ್ದು

ಪರ ತಂಡದವರೇ, ನರಕ್ಕೂ ರಕ್ತಕ್ಕೂ ಬೇಕಾದ ವಿಟಮಿನ್ ಬಿ12 ಬಗ್ಗೆ ಕೇಳಿದರೆ ಮೊಳಕೆಕಾಳು, ಇಡ್ಲಿ ಹಿಟ್ಟು, ಸ್ಪಿರುಲಿನಾ ಎನ್ನಬೇಡಿ. ಗಿಡದಲ್ಲಿ ನಂಬುವಂಥ ಬಿ12 ಇಲ್ಲ. ಅದನ್ನು ಮಾಡುವುದು ಬ್ಯಾಕ್ಟೀರಿಯಾ. ಹಸುವಿನ ಹೊಟ್ಟೆಯಲ್ಲಿ ಅವು ಮಾಡಿಕೊಡುತ್ತವೆ, ಹಾಲಿನಲ್ಲಿ ಸ್ವಲ್ಪ ಬರುತ್ತದೆ. ದೊಡ್ಡವರಿಗೆ ದಿನಕ್ಕೆ 2.2 ಮೈಕ್ರೋಗ್ರಾಂ ಬೇಕು, ಹಾಲಿನಿಂದಲೇ ತುಂಬಿಸಲು ಅರ್ಧ ಲೀಟರ್ ಆದರೂ ಬೇಕು. ಅಷ್ಟು ಕುಡಿಯದವರು ಮಾತ್ರೆ ತೆಗೆದುಕೊಳ್ಳಬೇಕು. ‘ಹೌದು, ಇದು ನಮ್ಮ ಕೊರತೆ, ಪರಿಹಾರ ಅಗ್ಗ’ ಎಂದು ಎರಡು ವಾಕ್ಯದಲ್ಲಿ ಮುಗಿಸಿ. ಹಾಲೂ ಬಿಟ್ಟ ವೀಗನ್‌ಗಳಲ್ಲಿ ಮೂಳೆ ಮುರಿತ ಶೇ. 43 ಹೆಚ್ಚು ಕಂಡಿದ್ದನ್ನೂ ಅದೇ ಆಕ್ಸ್‌ಫರ್ಡ್ ಗುಂಪು 2020ರಲ್ಲಿ ಬರೆದಿದೆ. ರಾಗಿಯಲ್ಲಿ ನೂರು ಗ್ರಾಂಗೆ 350 ಮಿಲಿಗ್ರಾಂ ಆಸುಪಾಸು ಕ್ಯಾಲ್ಸಿಯಂ ಇದೆ ಎಂದು ನೆನಪಿಸಬಹುದು, ಇಂಗ್ಲೆಂಡಿನವರಿಗೆ ಮುದ್ದೆ ಗೊತ್ತಿಲ್ಲವಲ್ಲ.

ವಿರೋಧ ತಂಡದವರೇ, ನೀವೂ ಬೀಗಬೇಡಿ. ನನ್ನ ಅಮ್ಮ ದಿನಾ ಮೀನು ತಿಂದವಳು. ‘ಮೀನ್ ಇಲ್ದಿರೆ ಅನ್ನ ಹ್ಯಾಂಗ್ ಇಳಿತ್ತ್ ಹೆಣೆ’ ಎನ್ನುತ್ತಿದ್ದಳು. ಎಪ್ಪತ್ತರ ಹೊತ್ತಿಗೆ ಕಾಲು ಜೋಮು, ಮರೆವು. ಮೀನು ತಿನ್ನುವವರಿಗೆ ಬಿ12 ಕೊರತೆ ಎಲ್ಲಿಂದ ಎಂದು ಒಬ್ಬ ಡಾಕ್ಟರು ಪರೀಕ್ಷೆಗೇ ಬರೆಯಲಿಲ್ಲ. ನಾನೂ, ಇಷ್ಟು ವರ್ಷ ಪಾಠ ಮಾಡಿದವಳು, ಹೌದಲ್ಲ ಎಂದು ಸುಮ್ಮನಿದ್ದೆ. ಆರು ತಿಂಗಳ ನಂತರ ಮಾಡಿಸಿದರೆ ತೀರ ಕೆಳಗಿತ್ತು. ಹದಿನಾಲ್ಕು ವರ್ಷದಿಂದ ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ನುಂಗುತ್ತಿದ್ದಳು. ಆ ಮಾತ್ರೆ ಬಿ12 ಹೀರಿಕೆಯನ್ನು ತಗ್ಗಿಸುತ್ತದೆ ಎಂದು ನನ್ನದೇ ನೋಟ್ಸಿನಲ್ಲಿತ್ತು.

ರಕ್ತಹೀನತೆಯ ವಾದ ಇನ್ನೂ ಜಾರು ನೆಲ. ಮಾಂಸದ ಕಬ್ಬಿಣ ಸುಲಭವಾಗಿ ಮೈಗೆ ಸೇರುತ್ತದೆ, ಸೊಪ್ಪಿನದು ಕಷ್ಟ, ಇದು ಸರಿ. ಅಲ್ಲಿಂದ ‘ಸಸ್ಯಾಹಾರದಿಂದಲೇ ರಕ್ತಹೀನತೆ’ ಎಂದು ಹಾರಬೇಡಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ತೆಗೆದು ನೋಡಿ. ರಕ್ತಹೀನತೆಯಿರುವ ಮಹಿಳೆಯರು ಸಸ್ಯಾಹಾರ ಹೆಚ್ಚಿರುವ ಗುಜರಾತಿನಲ್ಲಿ ಶೇ. 65. ಮೀನು ತಿನ್ನುವ ಪಶ್ಚಿಮ ಬಂಗಾಳದಲ್ಲಿ ಶೇ. 71. ಮೀನು ತಿನ್ನುವ ಕೇರಳದಲ್ಲೇ ಶೇ. 36. ಕರ್ನಾಟಕ ಶೇ. 48ರ ಹತ್ತಿರ. ಮೀನೊಂದೇ ಇದನ್ನು ನಿರ್ಧರಿಸುವುದಾದರೆ ಬಂಗಾಳ ಮತ್ತು ಕೇರಳ ಇಷ್ಟು ದೂರ ಇರುತ್ತಿರಲಿಲ್ಲ. ಬಡತನ, ಜಂತುಹುಳು, ಸೋಂಕು, ಬೇಗ ಮದುವೆ, ಹೆರಿಗೆಗಳ ಅಂತರ ಎಲ್ಲ ಸೇರುತ್ತದೆ. ಸೊಪ್ಪಿನ ಪಲ್ಯಕ್ಕೆ ನಿಂಬೆ ಹಿಂಡುವುದು, ಊಟದ ಬೆನ್ನಿಗೇ ಚಾ ಕುಡಿಯದಿರುವುದು ಎರಡೂ ಕಡೆಯವರಿಗೆ ಪುಕ್ಕಟೆ ಸಲಹೆ.

ಅಜ್ಜಿಯರನ್ನು ಸಾಕ್ಷಿಗೆ ಕರೆಯಬೇಡಿ. ಅತ್ತೆಗೆ ಎಂಬತ್ನಾಲ್ಕು, ಸಕ್ಕರೆ ಇಲ್ಲ, ಬಿಪಿ ಇಲ್ಲ, ಮಾಂಸದ ವಾಸನೆಯೂ ಗೊತ್ತಿಲ್ಲ. ಅಮ್ಮನಿಗೆ ಸಕ್ಕರೆ ಇತ್ತು. ಇಷ್ಟು ಹೇಳಿ ನಾನು ಪರ ತಂಡವನ್ನು ಗೆಲ್ಲಿಸಬಹುದು. ಅತ್ತೆ ಅರವತ್ತರವರೆಗೆ ಹೊಲದಲ್ಲಿ ಕಳೆ ಕಿತ್ತವರು, ಅಮ್ಮ ಬೀಡಿ ಕಟ್ಟುತ್ತ ಕೂತೇ ಇದ್ದವಳು ಎಂಬುದನ್ನು ಮುಚ್ಚಿಟ್ಟರೆ.

ಮೊಟ್ಟೆ ಬಂದಾಗ

ಕರ್ನಾಟಕದಲ್ಲಿ ಈ ಚರ್ಚೆ ಎಲ್ಲಿಂದ ಹೊರಟರೂ ಶಾಲೆಯ ಮೊಟ್ಟೆಗೆ ಬಂದು ನಿಲ್ಲುತ್ತದೆ. 2021ರ ಡಿಸೆಂಬರ್‌ನಲ್ಲಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳ ಬಿಸಿಯೂಟದಲ್ಲಿ ಮೊಟ್ಟೆ ಶುರುವಾದಾಗ ಮಠಾಧೀಶರು ವಿರೋಧಿಸಿದರು, ಮಕ್ಕಳು ಬೇಕೆಂದರು, ಮರುವರ್ಷ ಉಳಿದ ಜಿಲ್ಲೆಗಳಿಗೂ ಬಂತು. ಮೊಟ್ಟೆ ತಿನ್ನದವರಿಗೆ ಆಗ ಬಾಳೆಹಣ್ಣು ಅಥವಾ ಶೇಂಗಾ ಚಿಕ್ಕಿ ಕೊಡುತ್ತಿದ್ದರು, ಚಿಕ್ಕಿಯನ್ನು 2025ರಲ್ಲಿ ನಿಲ್ಲಿಸಿದರು.

ಇಲ್ಲಿ ‘ಯಾವುದರ ಬದಲು’ ಎಂಬ ಪ್ರಶ್ನೆ ಹಾಕಿ. ಮೊಟ್ಟೆಯಲ್ಲಿ ಆರು ಗ್ರಾಂ ಪ್ರೋಟೀನ್, ಜೊತೆಗೆ ಬಿ12. ಬಾಳೆಹಣ್ಣಿನಲ್ಲಿ ಪ್ರೋಟೀನ್ ಒಂದು ಗ್ರಾಂ ಮೇಲಿಷ್ಟು, ಬಿ12 ಸೊನ್ನೆ. ಚಿಕ್ಕಿಯಲ್ಲಿ ಪ್ರೋಟೀನ್ ಪರವಾಗಿಲ್ಲ, ಬಿ12 ಇಲ್ಲ, ಬೆಲ್ಲ ಬೇಕಾದಷ್ಟು. ಪರ ತಂಡದವರು ಮೊಟ್ಟೆಗೆ ಸಮವಾದದ್ದನ್ನು ಹೇಳಬೇಕೆಂದರೆ ಚಿಕ್ಕಿಯ ಜೊತೆ ದೊಡ್ಡ ಲೋಟ ಹಾಲು ಎನ್ನಬೇಕು, ಅದರ ಖರ್ಚನ್ನೂ ಹೇಳಬೇಕು. ಮನೆಯಲ್ಲಿ ಹಾಲು, ತುಪ್ಪ, ಬಾದಾಮಿ ಇರುವ ಮಗುವಿಗೆ ಶಾಲೆಯ ಮೊಟ್ಟೆ ಬೇಕಾಗಲಿಕ್ಕಿಲ್ಲ. ಅನ್ನ ಮತ್ತು ತಿಳಿಸಾರು ಮಾತ್ರ ಇರುವ ಮಗುವಿಗೆ ಅದು ಆ ದಿನದ ದೊಡ್ಡ ಊಟ.

ಇನ್ನೊಂದನ್ನು ಮೆಲ್ಲಗೆ ಹೇಳುತ್ತೇನೆ. ಈ ಚರ್ಚೆಯಲ್ಲಿ ಆರೋಗ್ಯದ ಹೆಸರಿನಲ್ಲಿ ಎಷ್ಟೋ ಸಲ ಮಡಿ ಮಾತಾಡುತ್ತಿರುತ್ತದೆ. ‘ಸಾತ್ವಿಕ’, ‘ತಾಮಸ’, ‘ಅಂಥವರು’ ಎಂಬ ಪದಗಳು ಬಂದರೆ ಮಾತು ಊಟ ಬಿಟ್ಟು ಊಟ ಮಾಡುವವರ ಜಾತಿಗೆ ಹೋಯಿತು ಎಂದೇ ಲೆಕ್ಕ. ‘ನನ್ನ ನಂಬಿಕೆಗಾಗಿ ತಿನ್ನುವುದಿಲ್ಲ’ ಎನ್ನುವವರೊಂದಿಗೆ ವಾದವಿಲ್ಲ, ಅದಕ್ಕೆ ವಿಟಮಿನ್ನಿನ ಸಾಕ್ಷಿ ಬೇಕಿಲ್ಲ. ಎದುರು ತಂಡದವರು ನಂಬಿಕೆಯನ್ನು ವಿಜ್ಞಾನವೆಂದು ಮುಂದಿಟ್ಟರೆ, ಕೋಪ ಮಾಡಿಕೊಳ್ಳದೆ ‘ಇದರ ಅಳತೆ ಏನು?’ ಎಂದಷ್ಟೇ ಕೇಳಿ. ಹಾಗೆಯೇ ಸಸ್ಯಾಹಾರಿಗಳನ್ನು ‘ಪುಳಿಚಾರು’ ಎಂದು ಹಂಗಿಸುವುದೂ ಬೇಡ. ಆ ಪದ ಕೇಳಿದರೆ ನಾನು ಅಂಕಪಟ್ಟಿಯ ಮೇಲೆ ಪೆನ್ನಿನ ಟೋಪಿ ಹಾಕಿಬಿಡುತ್ತೇನೆ.

ಮನೆಯಲ್ಲಿ ವಾದ ಮಾಡುವವರಿಗೆ

ಊಟಕ್ಕೆ ಕೂತಾಗ ಬೇಡ. ಮದುವೆಯಾದ ಹೊಸದರಲ್ಲಿ ನಾನು ಬೂತಾಯಿ ಮೀನಿನ ಒಮೆಗಾ-3 ಎಂಬ ಒಳ್ಳೆಯ ಕೊಬ್ಬಿನ ಬಗ್ಗೆ, ಅಗಸೆಯಲ್ಲಿರುವುದು ಬೇರೆ ಜಾತಿಯ ಒಮೆಗಾ, ಮೈಯಲ್ಲಿ ಸ್ವಲ್ಪವೇ ಮೀನಿನದಾಗಿ ಮಾರ್ಪಡುತ್ತದೆ ಎಂದು ಅತ್ತೆಯ ಅಗಸೆ ಚಟ್ನಿಪುಡಿ ಬಡಿಸಿಕೊಳ್ಳುತ್ತಲೇ ಭಾಷಣ ಮಾಡಿದೆ. ಹೇಳಿದ್ದೆಲ್ಲ ಸರಿಯೇ. ಅತ್ತೆ ‘ಹಂಗಾದ್ರ ಬಿಡವ್ವ’ ಎಂದು ಬಟ್ಟಲು ಒಳಗಿಟ್ಟರು, ಒಂದು ತಿಂಗಳು ಹೊರಗೆ ಬರಲಿಲ್ಲ. ಮನೆಯಲ್ಲಿ ಅಂಕ ಕೊಡುವವರಿಲ್ಲ. ಅಲ್ಲಿ ಕೇಳಬೇಕಾದ್ದು ಯಾರು ಸರಿ ಎಂದಲ್ಲ, ನಾಳೆ ಏನು ಬೇಯಿಸೋಣ, ಅನ್ನದ ಲೋಟ ಎಷ್ಟು ಇಳಿಸೋಣ ಎಂದು. ಮಾವನಿಗೆ ಸಕ್ಕರೆ ಶುರುವಾದಾಗ ಹಾಗೆ ಕೇಳಿದೆ. ಮರುದಿನವೇ ಮಡಕಿಕಾಳು ನೆನೆಯಿತು.

ವೇದಿಕೆಗೆ ಹೊರಟವರಿಗೆ ಕೊನೆಯದಾಗಿ, ಸಮಯ ಮುಗಿಯುತ್ತ ಬಂತೆಂದು ಬಾರಿಸುವ ಮೊದಲ ಗಂಟೆಗೂ ಮುಗಿಯಿತೆನ್ನುವ ಎರಡನೆಯದಕ್ಕೂ ನಡುವೆ ಒಂದು ನಿಮಿಷವಿರುತ್ತದೆ. ಹೊಸ ಸಂಖ್ಯೆಯನ್ನು ಅಲ್ಲಿ ತುರುಕಬೇಡಿ. ಎದುರಾಳಿ ಹೇಳಿದ್ದರಲ್ಲಿ ಅತಿ ಗಟ್ಟಿಯಾದದ್ದನ್ನು ಅವರಿಗಿಂತ ಚೆನ್ನಾಗಿ ಹೇಳಿ, ಆಮೇಲೆ ಉತ್ತರ ಕೊಡಿ. ಎರಡನೇ ಗಂಟೆಯ ನಂತರವೂ ಮಾತಾಡಿದರೆ ಅಂಕ ಕಳೆಯುತ್ತೇನೆ. ಆನೆ ತಂದವರಿಗೆ ಮೊದಲೇ ಕಳೆದಿರುತ್ತೇನೆ.